ಚಿಲ್ಲರ ಬಾಕಿ

ನನ್ನ ತಲಿ ಮ್ಯಾಲಿನ ಕನ್ನಡ್ಯಾಗ
ಹದಿನೇಳು ವರ್ಷ ಒಂದ ಮಾರಿ ನೋಡಿಕೋತ ಗಾಡಿ ಹೊಡದೇನಿ:
ದಾವಲಸಾಬ ನದಾಫ, ಕಂಡಕ್ಟರ್,
ಬಾಗಲಕೋಟಿ–ಬೆಳಗಾವಿ, ಮುಂಜಾನಿ ಆರೂ ಇಪ್ಪತ್ತು.
ಕಣ್ಣ ಕೆಳಗಿನ ಬಾವು ಮೊದಲ ಕಂಡದ್ದು ನನಗ,
ಅವನ ಖಾಜಾಬಿಗಿಂತ ಮೊದಲ.
ಕಲಾದಗಿ ದಾಟೂದ್ರಾಗ, ನಿದ್ದಿಗೆಟ್ಟೈತಿ ಬಾಳಪ್ಪ, ಅಂದ.
ಲೋಕಾಪುರದಾಗ ಚಾ ಬ್ಯಾಡ ಅಂದ.
ಯರಗಟ್ಟಿಯಾಗ ಇಳಿಯೂ ಮುದುಕಿಗೆ
ಹತ್ತು ರೂಪಾಯಿ ಹೆಚ್ಚ ಕೊಟ್ಟ.
ಅವಾಗ ನನಗ ಅಂಜಿಕಿ ಬಂತು.
ಲೆಕ್ಕ ತಪ್ಪೂ ಮನಶ್ಯಾ ಅಲ್ಲ ಅಂವ.

ರಿಪೋರ್ಟ್ ಬಂದ ದಿನ ನಕ್ಕ:
ಎರಡು ಕಿಡ್ನಿನೂ ಸೆಕೆಂಡ್ ಗೇರಿನ್ಯಾಗ ಏರು ಹತ್ತಾಕತ್ತಾವಂತ,
ಡಿಪೋ ಮುಟ್ಟೂತನಕ ದೂಡೂದು.

ಬ್ಯಾಳಿಗಿಂತ ಸಣ್ಣದು ಆ ಗುಳಿಗಿ.
ಓಣಿ ಡಾಕ್ಟರು ಎಂದೋ ಬರದಿದ್ರು:
ಐವತ್ತು ದಾಟ್ಯಾವ, ಬಿ.ಪಿ. ಐತಿ,
ಎದಿಗೊಂದು ಕಾವಲು ಇರಲಿ.
ರಾತ್ರಿ ಉಂಡ ಮ್ಯಾಲ ಒಂದು.
ಡಿಪೋದ ಮೆಕ್ಯಾನಿಕ್ ಗಂಗಪ್ಪನೂ ತಗೋತಾನ,
ಅವನ ಎದ್ಯಾಗ ಎರಡು ಸ್ಟೆಂಟ್, ಅವಂದು ಬ್ಯಾರೆ ಮಾತು.
ದಾವಲಗ ಎದಿ ನೋವು ಅಂತ ಒಂದಿನ ಬಂದಿಲ್ಲ.
ಬಂದದ್ದು ಬ್ಯಾರೆ:
ಬೇವಿನ ಕಡ್ಡಿ ತುದಿ ಕೆಂಪ,
ಚೀಲದ ಬೆಲ್ಟ್ ತಿಕ್ಕೂವಲ್ಲಿ, ಹೆಗಲ ಮ್ಯಾಲ,
ಬದನಿಕಾಯಿ ಬಣ್ಣದ ಪಟ್ಟಿ.
ಬಡದಿಲ್ಲ, ಬಿದ್ದಿಲ್ಲ.
ಬರೇ ಚಿಲ್ಲರದ ಭಾರ.

ಈ ತುದೀಗೆ ಬಾಗಲಕೋಟಿ, ಕಿಡ್ನಿ ಮೇಡಂ.
ಆ ತುದೀಗೆ ಬೆಳಗಾವಿ, ಹಾರ್ಟಿನ ಸಾಹೇಬರು.
ನಡುವ ನಾವಿಬ್ಬರು, ಮತ್ತ ಒಂದು ಚೀಟಿ,
ಟಿಕೇಟ್ ಮಷೀನಿನ ಕೆಳಗ ಮಡಚಿ ಇಟ್ಟದ್ದು,
ಹೋಗೂವಾಗ ಒಬ್ಬರ ಅಕ್ಷರ, ಬರೂವಾಗ ಇನ್ನೊಬ್ಬರದು.
ನಮಗೆರಡೂ ಓದಾಕ ಬರೂದಿಲ್ಲ.

ಮೇಡಂ ಬಿಡಿಸಿ ಹೇಳಿದ್ರು, ಖುರ್ಚಿ ಹತ್ರ ಎಳಕೊಂಡು:
ಕಿಡ್ನಿ ಸೋತವರಿಗೆ ಎದಿ ಹೊಡತ ಹೆಚ್ಚು, ಅದು ಖರೆ.
ಒಳಗ ರಗತ ಒಸರೂದೂ ಹೆಚ್ಚು, ಅದೂ ಖರೆ.
ಈ ಗುಳಿಗಿ ಒಂದನ್ನ ಕಾಯಾಕ ಹೋಗಿ
ಇನ್ನೊಂದರ ಬಾಗಿಲಾ ತಗದೀತು.
ಎರಡು ಬಸ್ಸು ತುಂಬ ಮಂದಿಗೆ ಕೊಟ್ಟೆ ಅಂತ ತಿಳೀರಿ,
ಒಬ್ಬಂದು ಎದಿ ಉಳದೀತು,
ಒಬ್ಬನ ಹೊಟ್ಟ್ಯಾಗ ರಗತ ಇಳದೀತು,
ಉಳದವರು ಸುಮ್ಮನ ತಮ್ಮ ಸ್ಟಾಪಿಗೆ ಇಳದು ಹೋಗ್ತಾರ.
ನೀವು ಯಾವ ಸೀಟು, ಆ ಚಾರ್ಟ್ ನನ್ನ ಹತ್ರ ಇಲ್ಲ.

ಮೇಡಂ, ನಮ್ಮಂಥವರ ಲೆಕ್ಕ ಯಾರೂ ತಗದಿಲ್ಲೇನ್ರಿ?

ಕಡಿಮಿ ತಗದಾರ, ಅಂದ್ರು. ದೊಡ್ಡ ದೊಡ್ಡ ತಪಾಸಣಿಯವರು
ಕಿಡ್ನಿ ಕೆಟ್ಟವರನ್ನ ಹತ್ತಿಸಿಕೊಂಡದ್ದ ಕಡಿಮಿ.

ದಾವಲಗ ಅದು ಬರೋಬ್ಬರಿ ತಿಳೀತು.
ಸ್ಟಾಪಿನ್ಯಾಗ ಕೈ ಮಾಡವರನ್ನ ನಾವೂ ಬಿಟ್ಟು ಹೋಗೇವಿ,
ಗಾಡಿ ತುಂಬೇತಿ ಅಂತ.

ಕಡೀಕ ಎರಡೂ ತುದಿ ಒಂದ ಮಾತಿಗೆ ಬಂದುವು:
ಸ್ಟೆಂಟ್ ಇಲ್ಲ, ಹೊಡತ ಬಂದಿಲ್ಲ, ಒಸಡು ಒಸರತೈತಿ,
ಸದ್ಯ ನಿಲ್ಲಸ್ರಿ, ಮೂರು ತಿಂಗಳಿಗೆ ನೋಡೂಣು.
ಬೀಡಿ ಬಿಡ್ರಿ. ಉಪ್ಪು ಬಿಡ್ರಿ. ಬಿ.ಪಿ. ಗುಳಿಗಿ ಬಿಡಬ್ಯಾಡ್ರಿ.
ಬೀಡಿ ಬಿಟ್ಟ.
ಖಾಜಾಬಿಯ ಸಪ್ಪನ ಝುಣಕಾ ರೊಟ್ಟಿಗೆ ಹಚ್ಚಿ
ಅಲ್ಲಾ, ಇದಕ್ಕಿಂತ ರೋಗ ಚೊಲೊ, ಅಂತ ಪೂರಾ ತಿಂದ.

ಆ ರಾತ್ರಿ ಬೆಳಗಾವಿ ಡಿಪೋದಾಗ ನಮ್ಮ ವಸ್ತಿ.
ಎರಡಕ್ಕ ಎಚ್ಚರಾತು. ಅಂವ ಎದ್ದು ಕುಂತಿದ್ದ,
ಎದಿ ಮ್ಯಾಲ ಅಂಗೈ, ಇನ್ನೊಂದು ಕೈಯಾಗ ಗುಳಿಗಿ ಪಾಕೀಟು.
ಏನೋ?
ಕಾವಲುಗಾರನ್ನ ಕೆಲಸದಿಂದ ತಗದಂಗಾಗೇತಿ ಬಾಳಪ್ಪ.
ಕಳ್ಳ ಬಂದಿಲ್ಲ. ಖರೆ, ನಿದ್ದೀನೂ ಬರವಲ್ದು.
ನಾ ಏನ ಹೇಳಲಿ?
ನೀರು ಕುಡಿ ಅನ್ನಾಕ ಬಾಯಿ ತಗದೆ.
ನೀರೂ ಅಳತಿ ಮಾಡಿ ಕೊಟ್ಟಾರ ಅವಗ.

ಮುಂಜಾನಿ ನೇಸರಗಿಯಾಗ ಕಾಲೇಜಿನ ಹುಡಿಗಿ ಹತ್ತಿತು,
ಮಡಚಿದ ಹಳೇ ಟಿಕೇಟ್ ತೋರಿಸಿತು: ಅಂಕಲ್, ನಾಕು ರೂಪಾಯಿ.
ಹಿಂದ ಅವಂದ ಅಕ್ಷರ, ನಾಕು ಸುತ್ತಿ ಗೆರಿ.
ಹತ್ತು ದಿನದ ಹಿಂದಿಂದು. ಕೊಡದಿದ್ರೂ ನಡೀತಿತ್ತು.
ನಾಲ್ಕು ನಾಣ್ಯ ಅವಳ ಅಂಗೈಯಾಗ ಎಣಿಸಿ ಇಟ್ಟ.

ಒಂದು ಗಂಟಿ ಅಂದ್ರ ನಿಲ್ಲು,
ಎರಡು ಅಂದ್ರ ಹೋಗು.
ಒಂದು ಕೇಳಿಸಿತ್ತು. ಕ್ಲಚ್ ಒತ್ತಿಕೊಂಡ
ಕನ್ನಡ್ಯಾಗ ನೋಡಿದೆ.
ಹಗ್ಗದ ಮ್ಯಾಲ ಕೈ ಇಟ್ಟಾನ,
ಯಾರೋ ಮುದುಕನ ಗಂಟು ಸೀಟಿನ ಕೆಳಗ ಸರಸಾಕತ್ತಾನ,
ತಡಿಯೋ ಮಾರಾಯಾ, ಅಂತಾನ ನನಗ.