ಹೊಟ್ಟೆ ಸೀಳಿದ ಬ

ಶಹಾಪುರದ ನಮ್ಮ ಓಣಿಗೆ ಬೆಳಗಾಗುವುದೇ ಆ ಕೂಗಿನಿಂದ:
ಭಂಗಾರ್... ಭಂಗಾ...ರ್!
ತಳ್ಳುಗಾಡಿಯ ತಾರಾಬಾಯಿಯದು ಮರಾಠಿ.
ಅವಳ ಪಾಲಿಗೆ ಅದು ಮುರುಕು ಕಬ್ಬಿಣ,
ತೂತುಬಿದ್ದ ಜರ್ಮನ್ ಡಬರಿ, ಹಲ್ಲಿಲ್ಲದ ಗರಗಸ.
ಮೂಡಲಗಿಯಿಂದ ಬಂದ ಹೊಸತರಲ್ಲಿ
ಅವಳ ಅತ್ತೆಯ ಕೂಗು ಕೇಳಿ ಹಾಸಿಗೆಯಲ್ಲೇ ಎದ್ದು ಕೂತಿದ್ದೆ:
"ಈ ಊರಾಗ ಬಂಗಾರ ಗಾಡ್ಯಾಗ ಮಾರ್ತಾರೇನ್ರಿ?"
ಪ್ರೆಸ್ಸಿನ ಮಾಲಕರು ನಕ್ಕ ನಗೆಗೆ
ಬಾಯಲ್ಲಿದ್ದ ಎಲೆಅಡಿಕೆ ಪ್ರೂಫಿನ ಮೇಲೆ ಬಿತ್ತು.

ಬ ಹೊಟ್ಟೆ ಸೀಳಿದರೆ ಭ.
ನಲವತ್ತೊಂದು ವರ್ಷ ನನ್ನ ರೊಟ್ಟಿ ಆ ಸೀಳಿನೊಳಗಿತ್ತು.
ನವರತ್ನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವ ನಾನು,
ನನಗೆ ಭಾಷೆಯೆಂದರೆ ತಲೆಕೆಳಗು, ಎಡಬಲ ಅದಲುಬದಲು,
ಉಗುರಿನ ಸಂದಿಯ ಮಸಿ.
ಒಂದು ಭ ಸವೆದಿತ್ತು, ಸೀಳು ಪೂರಾ ಅಳಿಸಿ.
ಅದು ಕೈಗೆ ಬಂದ ದಿನ ಯಾರದೋ ಶ್ರದ್ಧಾಂಜಲಿ,
'ಭಾರವಾದ ಮನಸ್ಸಿನಿಂದ' ಎಂಬ ಸಾಲು
ಭಾರವಿಲ್ಲದೆ ಐನೂರು ಪ್ರತಿ ಅಚ್ಚಾಗಿ ಹೋಯಿತು.
ಯಾರೂ ದೂರಲಿಲ್ಲ.
ನಮ್ಮ ಬಾಯಿಗಳಲ್ಲಿ ಆ ಸೀಳು ಮೊದಲೇ ಇಲ್ಲ.

ಮೊಳೆಗೆ ಸೀಸ, ಸುರ್ಮಾದ ಕಲ್ಲು, ಒಂದಿಷ್ಟು ತವರ.
ತವರಕ್ಕೊಂದು ಕೊಂಬು ಕೊಟ್ಟರೆ ತವರು.
ಮೊದಲಿನದು ಎಷ್ಟು ಶಾಖಕ್ಕೆ ಕರಗುತ್ತದೆಂದು
ಉದ್ಯಮಬಾಗದ ಎರಕದವರು ಹೇಳಿಯಾರು.
ಎರಡನೆಯದಕ್ಕೆ ನನ್ನ ಚಂಪವ್ವನನ್ನು ಕೇಳಬೇಕು,
ಪಂಚಮಿಗೆ ಕರೆಯಲು ಅಣ್ಣ ಬಾರದ ವರ್ಷ,
ಒಲೆಯ ಮುಂದೆ, ಹೊಗೆಯ ನೆಪದಲ್ಲಿ.

ಮಾಲಕರದು ಹಿತ್ತಾಳೆ ಕಿವಿ.
ಮಷಿನ್ನಿನ ಬಾಳಪ್ಪ ಊದಿದ್ದನ್ನು ನಂಬಿದರು:
ಹಿತ್ತಾಳೆಯದೇ ರೂಲುಪಟ್ಟಿ, ನಾನು ಕದ್ದೆನಂತೆ.
ಮೂರು ತಿಂಗಳು ಮಾತಿಲ್ಲ.
ಮುಂದೆ ಪಟ್ಟಿ ಯಂತ್ರದ ಬುಡದಲ್ಲಿ ಸಿಕ್ಕಿತು, ಕಿಲುಬು ಹಿಡಿದು.
ಮಾತೂ ಸಿಕ್ಕಿತು.
ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಪಟ್ಟಿಯೇನೋ ಬೆಳಗಿತು.

ಹೋದ ವರ್ಷ ಡಾಕ್ಟರು ರಕ್ತದ ಕಾಗದ ಹಿಡಿದು
"ಕಾಕಾ, ಇದರಾಗ ಸೀಸ ಐತಿ" ಅಂದರು.
ಮಾತಿಗೆ ಅಂದದ್ದಲ್ಲ. ಅಂಕಿ ಇತ್ತು, ಕೆಳಗೆ ಕೆಂಪು ಗೆರೆ.
ನಾನೇ ಅದನ್ನು ಮಾತಿಗೆ ತಗೊಂಡು
"ಯಾವ ಅಕ್ಷರ ಇರಬೇಕ್ರಿ ಸಾಹೇಬ್ರ?" ಅಂದೆ.
ಅವರು ನಗಲಿಲ್ಲ, ಗುಳಿಗೆ ಬರೆದರು
ಓದಲಾಗದ ಕೈಬರಹದಲ್ಲಿ.

ಇವತ್ತು ಪ್ರೆಸ್ಸಿನ ಬಾಗಿಲು ಕಿತ್ತರು.
ಮಾಲಕರ ಸೊಸೆ ಮೊಳೆಗಳನ್ನು ನನಗೇ ಕೊಟ್ಟಳು,
ಪಗಾರ ಬಾಕಿಯ ಬದಲಿಗೆ.
ಖಾನೆ ಖಾನೆಯನ್ನೇ ಗೋಣಿಚೀಲಕ್ಕೆ ಸುರಿಯುವಾಗ
ಬರುವ ಸದ್ದು ಮಳೆಯದಲ್ಲ, ಜೋಳದ್ದೂ ಅಲ್ಲ,
ಎಲ್ಲ ಒತ್ತು, ಎಲ್ಲ ದೀರ್ಘ ಒಂದೇ ಸಲ ಬಾಯಿ ತೆರೆದ ಹಾಗೆ.
ತಾರಾಬಾಯಿ ಚೀಲದೊಳಗೆ ಕೈ ಆಡಿಸಿ
"ಕಾನಡಿ ಕಾ ಮರಾಠಿ?" ಅಂದಳು.
"ಎರಡೂ ಅದಾವ."
"ಅಸೂ ದೇ. ತಕ್ಕಡಿಗೆ ಎರಡೂ ಒಂದs."
ಐವತ್ತಾರು ಕಿಲೋ.
ಚೀಲದ ಬಾಯಿ ಕಟ್ಟುವ ಮೊದಲು
ಮೊಣಕೈ ತನಕ ಇಳಿಸಿ ಹುಡುಕಿದೆ ಆ ಸವೆದ ಭ ಅನ್ನು.
ಸಿಗಲಿಲ್ಲ. ಬೆರಳಿಗೂ ಈಗ ಮೊದಲಿನ ಕಣ್ಣಿಲ್ಲ.

ಕಟ್ಟೆಯ ಮೇಲೆ ಕೂತು ನೋಟು ಎಣಿಸುತ್ತಿದ್ದೆ.
ಓಣಿಯ ತಿರುವಿನಲ್ಲಿ ಅವಳು ಮತ್ತೆ ಕೂಗಿದಳು.
ಅಷ್ಟು ದೂರದಿಂದ ಉಸಿರು ಮುಟ್ಟುವುದಿಲ್ಲ,
ಸೀಳು ಮುಚ್ಚಿಕೊಂಡೇ ಬರುತ್ತದೆ ಕಿವಿಗೆ.
ಒಳಗಿನಿಂದ ಚಂಪವ್ವ:
"ಏನಂತ ಒದರಾಕತ್ತಾಳ ಅಕಿ?"
ಎಣಿಕೆ ತಪ್ಪಿತು.
"ನಿನ್ನನ್ನs ಕರದ್ಲು, ನೋಡ" ಅಂದೆ.