ಕ್ಷೇಮದ ಕ್ಷ

ಖಡಕಿ ಮಿಲಿಟರಿ ದವಾಖಾನಿ, ಪುಣೆ.
ಡಿಸೆಂಬರ್. ತಾರೀಖು ಗೊತ್ತಿಲ್ಲ, ಸೋಮವಾರ.

ದುಂಡವ್ವಾ,
ಅಕ್ಷರ ನೋಡಿ ಬೆಚ್ಚಬ್ಯಾಡ.
ಯಾರೋ ಸಣ್ಣ ಹುಡುಗ ಬರದಾನಂತ ತಿಳೀಬ್ಯಾಡ.
ನಾನ.

ಉಭಯ ಕುಶಲೋಪರಿ ಸಾಂಪ್ರತ ಅಂತ ಸುರು ಮಾಡಿದೆ,
ಸಾಂಪ್ರತದ ಪ್ರ ದಾರಿ ತಪ್ಪಿ ಮ್ಯಾಲಿನ ಸಾಲಿಗೆ ಹೋಗಿ ಕುಂತಿತು.
ಕ್ಷೇಮ ಅಂತರೆ ಬರಿಯೋಣಂದ್ರ
ಕ್ಷ ಕೂಡಲಿಲ್ಲ. ಹನ್ನೊಂದು ಸಲ ಬರದೆ,
ಹನ್ನೊಂದು ಸಲಾನೂ ಸೊಂಟ ಮುರಕೊಂಡು ಬಿತ್ತು.
ಅದಕ್ಕ ಆರಾಮ ಅಂತ ಬರದೇನಿ.
ಆರಾಮ ಬರಿಯಾಕ ಹಗರ.

ನಿನಗ ನಾನ ಕಲಿಸಿದ್ದಲ್ಲ, ಪಾಟಿ ಮ್ಯಾಲೆ ನಿನ್ನ ಮುಷ್ಟಿ ಹಿಡದು,
ದುಂಡಗ ಬರಿ, ನಿನ್ನ ಹೆಸರಿನಂಗ ಅಂತ.
ಈಗ ಏಲಿಯಮ್ಮ ಸಿಸ್ಟರ್, ಕೇರಳದಾಕಿ,
ಖಡಕಿ ಬಾಜಾರದಾಗ ನನಗೊಂದು ಪಾಟಿ ಕೊಂಡು ತಂದಾಳ.
ಕನ್ನಡ ಬರೂದಿಲ್ಲ ಆಕಿಗೆ, ತಪ್ಪೋ ಒಪ್ಪೋ ತಿಳಿಯಂಗಿಲ್ಲ,
ಆದ್ರೂ ದಿನಾ ಮುಂಜಾನೆ ನೋಡಿ ಶಾಬಾಸ್ ಅಂತಾಳ.

ಕಿಡಕಿ ಗಾಜಿಗೆಲ್ಲಾ ಕರಿ ಕಾಗದ ಹಚ್ಚ್ಯಾರ.
ಏಳಕ್ಕ ದೀಪ ಆರಸ್ತಾರ, ಊರಿಗೆ ಊರ ಮುಸುಕು ಹಾಕ್ಕೊಳ್ಳತೈತಿ.
ಮದ್ದಿನ ಕಾರಖಾನಿ ಭೋಂಗಾ ಮಾತ್ರ ನಿಂದ್ರೂದಿಲ್ಲ.
ರಾತ್ರಿ ಪಾಳಿಗೆ ಹೆಣ್ಣಮಕ್ಕಳು ಹೊಂಟಿರ್ತಾರ,
ಕತ್ತಲದಾಗ ಬಳಿ ಸಪ್ಪಳ ಅಷ್ಟ ಕೇಳತೈತಿ.
ಅವರು ತುಂಬಿದ್ದು ನಮ್ಮ ಮಂದಿ ಕೈಗೆ ಹೋಗತೈತಿ,
ಕೈ…
ಇರಲಿ.

ಬಾಜೂ ಮಂಚದಾಂವ ಸಾತಾರಾದ ಖುಷಾಬಾ.
ಅವಗ ತಲೆಕಟ್ಟು, ಕಣ್ಣಿನ ತನಕಾ.
ನನಗ ದೀರ್ಘ ಇಲ್ಲ. ಬಲಕ್ಕ ಚಾಚಿಕೊಂಡಿತ್ತಲ್ಲ, ಅದು,
ಮೊಳಕೈಗೆ ಮುಗದು ಹ್ರಸ್ವ ಆಗೈತಿ.
ಕಾಗುಣಿತ ಇಷ್ಟ. ನೀ ಶ್ಯಾಣ್ಯಾಕಿ.
ಇಬ್ಬರೂ ಕೂಡಿ ತಂಬಾಕ ತಿಕ್ಕತೀವಿ,
ಅವನ ಅಂಗೈ, ನನ್ನ ಹೆಬ್ಬೆರಳು.
ಸುಣ್ಣ ಹೆಚ್ಚಾದ್ರ ಇಬ್ಬರೂ ಬೈತೀವಿ, ಯಾರನ್ನಂತ ಗೊತ್ತಿಲ್ಲ.

ಅವ್ವಗ ಈಗ ಹೇಳಬ್ಯಾಡ.
ಎಡಗೈಲೆ ಯಾರಿಗೂ ಏನೂ ಕೊಡಬಾರದಂತ
ನಾ ರೈಲು ಹತ್ತೂ ಮುಂದನೂ ಬೈದಾಕಿ.
ಈ ಕಾಗದ ಪೂರಾ ಎಡಗೈಲೆ ಕೊಟ್ಟದ್ದು.
ಓದಾಕ ಬರದಿದ್ರೂ ಆಕಿ ಮೂಸಿ ನೋಡತಾಳ,
ಔಷಧದ ವಾಸನಿ ಬಂತಂದ್ರ
ಮಿಲಿಟರಿ ಸಾಬಾಣ ಅನ್ನು.
ಅಪ್ಪಗ ಬೇಕಾದ್ರ ಹೇಳು. ಎಮ್ಮಿ ಮೈ ತೊಳಿಯೂ ಮುಂದ,
ಮಾರಿ ಆ ಕಡೆ ಇದ್ದಾಗ.

ಪಗಾರದ ಬಾಬು ಶಾಯಿ ಡಬ್ಬಿ ಮುಂದ ಸರಿಸಿದ್ದ:
ಹೆಬ್ಬೆಟ್ಟು ಒತ್ತು, ಎಡಗೈದ ಬೇಕು ಹೆಂಗಿದ್ರೂ.
ಅಪ್ಪ ಜಲ್ಮೆಲ್ಲಾ ಒತ್ತಿದ್ದು ಅದನ್ನ.
ನಮ್ಮ ಮನ್ಯಾಗ ಸಹಿ ಮಾಡಿದ ಮೊದಲನೇ ಕೈ ನಂದು,
ಅದು ಎಲ್ಲೋ ಒಂದು ಕಾಲುವಿ ದಂಡಿ ಮ್ಯಾಲೆ ಬಿದ್ದೈತಿ
ನನ್ನ ಸಹಿ ತನ್ನ ಜೋಡಿ ಒಯ್ದು.
ಆಮ್ಯಾಲೆ ಬರ್ರಿ ಸಾಹೇಬ್ರ ಅಂದೆ.
ಮನಿಆರ್ಡರ್ ತಡ ಆದದ್ದು ಅದಕ್ಕ.

ಕನ್ನಡ ಓದೂ ಸುಬೇದಾರ ಒಬ್ಬಾಂವ ಅದಾನಂತ,
ಅವನ ಮೇಜು ದಾಟಿ ಬರಬೇಕು ಇದು.
ಮ್ಯಾಲೆ ಒಂದು ಶಬ್ದಕ್ಕ ಕರಿ ಮಸಿ ಬಳದಿದ್ರ
ಹೆದರಬ್ಯಾಡ. ಮುಚ್ಚಿದ್ದು ನೀರು, ಅಷ್ಟ.

ನಿನ್ನೆ ರಾತ್ರಿ ಕತ್ತಲದಾಗ ಹೆಸರು ಬರಿಯಾಕ ಕುಂತೆ.
ಸ ಆತು. ತ್ತೆ ಆತು. ಕೈ ಸೋತು ಮತ್ತ ಮೊದಲಿಂದ.
ಮುಂಜಾನೆ ಏಲಿಯಮ್ಮ ಪಾಟಿ ಬೆಳಕಿಗೆ ಹಿಡದು ಶಾಬಾಸ್ ಅಂದ್ಲು.
ಪಾಟಿ ತುಂಬ ಸತ್ತೆ, ಸತ್ತೆ, ಸತ್ತೆ.
ನನಗ ಹಿಂತಾ ನಗಿ ಬಂತು,
ಹೊಟ್ಟಿ ಹಿಡಕೊಳ್ಳಾಕ ಒಂದು ಕೈ ಸಾಲಲಿಲ್ಲ.
ಇವತ್ತ ಉಳದದ್ದು ಕೂಡಿಸೇನಿ. ಒತ್ತು ಸೊಟ್ಟ ಐತಿ, ಐತಿ ಆದ್ರೂ.

ನಿನ್ನ ಅಣ್ಣ
ಸತ್ತೆಪ್ಪ

ತಾ. ಕ.
ಗಡಿಯಾರ ಉಳದೈತಿ, ಎಡಗೈಯಾಗಿತ್ತು.
ಕೀಲಿ ಖುಷಾಬಾ ಕೊಡತಾನ.
ಕೊಟ್ಟು, ಎಷ್ಟಾತು ಅಂತ ನನ್ನ ಕೇಳತಾನ.