ಬೀಜದ ಹಣ್ಣು

ಮಾರಿತ್ಸಾ ನದಿಯ ಈಚೆ, ನನ್ನ ಹಿತ್ತಲ ಬೇಲಿಯಾಚೆ,
ಒಂದೇ ಒಂದು ಟೊಮೆಟೊಗೆ ಕೆಂಪು ನೂಲು ಕಟ್ಟಿದ್ದಳು ದೊಬ್ರಿಂಕಾ.
ಗುಲಾಬಿ ಬಣ್ಣ, ಭುಜದ ಮೇಲೆ ಬಿರುಕು,
ಅಂಗಡಿಯವರು ಮೂಗು ಮುರಿಯುವ ಅಂಕುಡೊಂಕು ಮೈ.
ಅವಳ ಅತ್ತೆ ತಲೆವಸ್ತ್ರದ ಗಂಟಿನಲ್ಲಿ ತಂದ ತಳಿ.
ಉಳಿದವು ನಮಗೆಲ್ಲ, ಉಪ್ಪು, ಚೀಸು, ಹಸಿ ಈರುಳ್ಳಿಯ ಜೊತೆ.
ಅದೊಂದು ಮಾತ್ರ
ಗಿಡದಲ್ಲೇ ಕಳಿತು ಮೆತ್ತಗಾಗಬೇಕು.

ಶನಿವಾರ ಮಧ್ಯಾಹ್ನ ನೂಲು ನೆಲದ ಮೇಲಿತ್ತು.
ಮೊಮ್ಮಗ ಲ್ಯೂಬೆನ್ ಮೆಟ್ಟಿಲ ಮೇಲೆ,
ಮೊಣಕೈವರೆಗೂ ರಸ.

ಬೈಗುಳಕ್ಕೆ ಕಾದು ನಾನೂ ಬೇಲಿಗೆ ಆತುಕೊಂಡೆ.
ಅವಳು ಬೈಯಲಿಲ್ಲ. ಅಂಗಿ ಬಿಚ್ಚಿಸಿದಳು,
ಒಳಗೆ ಹೋಗಿ ಕನ್ನಡಕ ಹುಡುಕಿ ತಂದಳು,
ಚಾಕುವಿನ ಬೆನ್ನಿನಿಂದ ಎದೆಯ ಕಲೆಯನ್ನು ಕೆರೆದು
ಹಳೇ ಪತ್ರಿಕೆಯ ಮೇಲೆ ಒಂದೊಂದಾಗಿ ಇಟ್ಟಳು.
ಹದಿನೇಳು.
ಹುಡುಗನ ಗಲ್ಲದ ಮೇಲೆ ಇನ್ನೊಂದಿತ್ತು.

ಈಗ ಏಪ್ರಿಲ್. ನನ್ನ ಕಿಟಕಿಯಲ್ಲೂ ಮೊಸರಿನ ಡಬ್ಬಿಯೊಂದು,
ಎರಡೆಲೆ, ಕಾಂಡದ ಮೇಲೆ ಸಣ್ಣ ರೋಮ.
ಮುಟ್ಟಿದ ಬೆರಳಿಗೆ ಆಗಲೇ ಆ ಹಸಿರು ವಾಸನೆ.
ಡಬ್ಬಿಯ ಮೇಲೆ ಅವಳದೇ ನಡುಗುವ ಕೈಬರಹ:
‘ಗಲ್ಲದ್ದು.’